ಬುಲೆಟ್ ಓದದ ಸಾಲು

ಮಾರ್ಚ್ 4, ಸಂಜೆ

ಇವತ್ತೂ ಮೆಟ್ಟಿಲು ಹತ್ತಿ ಇಳಿದು ಕಾಲು ಬಿದ್ದುಹೋಗಿದೆ. ಶಾಲೆ ಅರ್ಧಕ್ಕೆ ಬಿಟ್ಟವಳು ನಾನು. ಸಿಕ್ಕ ಕೆಲಸ ನೋಡು — ಕಾಲೇಜು ಓದುವವರ ಮನಸ್ಸು ಹೇಗಿದೆ ಎಂದು ಮನೆಮನೆ ಸರ್ವೆ! ಟ್ಯಾಬ್ ಕೊಟ್ಟರೆ ಅವರೇ ಉತ್ತರ ಒತ್ತುತ್ತಾರೆ. ಅದಕ್ಕೂ ಮೊದಲು ಒಂದು ಸಾಲು ಓದಿ ಹೇಳಬೇಕು: 'ನಿಮ್ಮ ಜೀವಕ್ಕೆ ಅಪಾಯವಿದೆ ಅನ್ನಿಸಿದರೆ, ಸಹಾಯ ಮಾಡುವವರನ್ನು ಕರೆಸುತ್ತೇವೆ.'

ಜೊತೆಗಾರ ಅದನ್ನು ಓದುವುದೇ ಇಲ್ಲ. ಅವನ ಸ್ಪೀಡಿಗೆ ಎಲ್ಲರೂ ಬುಲೆಟ್ ಎನ್ನುತ್ತಾರೆ.

"ಓದಿದ್ರೆ ಹೆದರ್ಕೊಂಡು ಎಲ್ಲಾ 'ಇಲ್ಲ' ಒತ್ತುತಾರೆ ಕಣೇ, ಸತ್ಯವಂತೆ."

"ಓದದೇ ಓದಿದೀನಿ ಅಂತ ಟಿಕ್ ಹಾಕಕ್ಕೆ ನನ್ ಕೈಲಾಗಲ್ಲ."

"ಹಂಗಾದ್ರೆ ಸುತ್ತು, ಚಪ್ಪಲಿ ಸವೆಯೋವರ್ಗೂ."

ಮಾರ್ಚ್ 5

ಮೇಲಿನ ಮಹಡಿಯ ಮನೆ. ಕಾಲೇಜು ಹುಡುಗ, ಒಬ್ಬನೇ ಇದ್ದ. ಸಾಲು ಓದಿದೆ. ತಲೆ ಎತ್ತಿದ.

"ನಿಜವಾಗ್ಲೂ ಯಾರಾದ್ರೂ ಬರ್ತಾರಾ ಅಕ್ಕಾ?"

"ಬರ್ತಾರೆ."

"ಇನ್ನೊಂದ್ಸಲ ಓದಿ."

ಓದಿದೆ. ಟ್ಯಾಬ್ ತೆಗೆದುಕೊಂಡ. ಸ್ವಲ್ಪ ಹೊತ್ತಿಗೆ ಪರದೆ ತುಂಬ ಅಪಾಯದ ಕೆಂಪು. ಬದುಕುವುದೇ ಬೇಡ ಎಂದು ಒತ್ತಿದ್ದಾನೆ. ನಮ್ಮ ಸರ್ವೆಯ ಕೌನ್ಸೆಲರ್ ಮೇಡಂಗೆ ಫೋನ್ ಮಾಡಿದೆ. ಅವರು ಬರುವ ತನಕ ಕದಲಬಾರದು, ಬುದ್ಧಿ ಹೇಳಬಾರದು — ಇದು ರೂಲ್. ಹೇಳಲು ನನ್ನ ಹತ್ತಿರ ಬುದ್ಧಿ ಇದ್ದರಲ್ಲವೇ! ಎರಡು ನಿಮಿಷ ಕೂತಲ್ಲಿ ಕೂರದವಳು ಕಂಬದ ಹಾಗೆ ಕೂತಿದ್ದೆ. ಅವನು ಅತ್ತ. ಮೇಡಂ ಬಂದು ನೆಲದ ಮೇಲೆ ಅವನ ಪಕ್ಕ ಕೂತರು.

"ಮನೇಲಿ ಯಾರಿಗೆ ಹೇಳೋಣಪ್ಪಾ?"

"ಚಿಕ್ಕಮ್ಮಂಗೆ… ಅವ್ರಿಗೆ ಮಾತ್ರ."

ಮಾರ್ಚ್ 9

ಹುಡುಗ ಚಿಕ್ಕಮ್ಮನ ಜೊತೆ ಬಂದು ಮೇಡಂ ಹತ್ತಿರ ಮಾತಾಡಿ ಹೋದನಂತೆ.

ಮೀಟಿಂಗಿನಲ್ಲಿ ಮೇಡಂ ಕೇಳಿದರು, ಬುಲೆಟ್ ಹೋದ ಮನೆಗಳಲ್ಲಿ ಒಂದೂ ಕೆಂಪು ಯಾಕಿಲ್ಲ? ಅವನು ನನ್ನತ್ತ ಕಣ್ಣು ಬಿಟ್ಟ. ಇದ್ದದ್ದು ಹೇಳಿಬಿಟ್ಟೆ.

ಮೇಡಂ ಮುಖ ಬಿಳುಚಿಕೊಂಡಿತು. "ಹೇಳ್ಕೊಂಡ್ರೂ ಯಾರೂ ಬರಲ್ಲ ಅಂದ್ಕೊಂಡ್ರೆ ಯಾರಪ್ಪ ಹೇಳ್ತಾರೆ? ಇವ್ನು ಹೋದ ಎಲ್ಲಾ ಮನೆಗೂ ವಾಪಸ್ ಹೋಗಿ. ಇಬ್ಬರೂ."

ಮಾರ್ಚ್ 10, ಮಧ್ಯಾಹ್ನ

ಮೊದಲ ಮನೆ. ಬಾಗಿಲು ತೆಗೆದ ಹುಡುಗಿಯದು ನಗುಮುಖ. "ಮತ್ತೆ ಬಂದ್ರಾ ಅಣ್ಣಾ?"

ಬುಲೆಟ್ ತಾನೇ ಓದಿದ, ತೊದಲುತ್ತ. ಅವಳ ನಗು ಅಲ್ಲೇ ಆರಿತು.

"ಹೋದ್ಸಲ ಯಾಕೆ ಇದನ್ನ ಹೇಳ್ಲಿಲ್ಲ?"

ಅವನು ಟ್ಯಾಬ್ ಚಾಚಿದ. ಅವಳು ಮುಟ್ಟಲಿಲ್ಲ. ಒಳಗೆ ಕರೆದು ಕೂರಿಸಿದಳು.

"ಸಹಾಯ ಮಾಡೋರು ಅಂದ್ರಲ್ಲ, ಅವ್ರನ್ನ ಕರೀರಿ. ಈಗ್ಲೇ."

ಮೇಡಂ ಬಂದರು. ಒಳಕೋಣೆಯಲ್ಲಿ ಇಬ್ಬರೂ ಇನ್ನೂ ಮಾತಾಡುತ್ತಿದ್ದಾರೆ. ನಾನು ಇದನ್ನು ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಬುಲೆಟ್ ಪಕ್ಕದಲ್ಲಿ, ಟ್ಯಾಬಿನಲ್ಲಿ ಉಳಿದ ಮನೆಗಳ ಪಟ್ಟಿ ನೋಡುತ್ತಿದ್ದಾನೆ. ಬೆರಳು ಕೆಳಗೆ ಜಾರುತ್ತಲೇ ಇದೆ, ಮುಗಿಯುತ್ತಿಲ್ಲ. ಇಷ್ಟು ಮನೆಗಳಲ್ಲಿ ಯಾರ್ಯಾರು ಹೇಳಿಕೊಳ್ಳದೇ ಉಳಿದಿದ್ದಾರೋ—