ಆ ಆಟ ಯಾರದ್ದು ಅಂತ ಗೊತ್ತಾಯಿತು

ರೀ,

ಈಗ ಎಬ್ಬಿಸಿದರೆ ಜಗಳವಾಗಿ ಮಗಳಿಗೂ ಎಚ್ಚರವಾಗುತ್ತದೆ ಅಂತ ಬರೆದಿಡುತ್ತಿದ್ದೇನೆ. ನಾಳೆ ಕಾಫಿ ಪಿಕಿಂಗ್ ಇದೆ, ಬೆಳಕಾಗುವ ಮೊದಲೇ ಎಸ್ಟೇಟ್ ಜೀಪು ಹತ್ತುತ್ತೇನೆ.

ಕೆಲಸಗಾರರ ಹಾಜರಿ ಹಾಕೋಣ ಅಂತ ಲ್ಯಾಪ್‌ಟಾಪ್ ತೆಗೆದರೆ ಮತ್ತೆ ಅದೇ ಕೆಂಪು ಎಚ್ಚರಿಕೆ. ಆಫೀಸಿನ ದೀಪಕ್‌ಗೆ ಫೋನ್ ಮಾಡಿದೆ. ವೈರಸ್ ಅಲ್ಲವಂತೆ. ಲ್ಯಾಪ್‌ಟಾಪ್‌ಗೆ ಯಾರೋ ಹಾಕಿಕೊಂಡಿರುವ ಆ ಆಟದೊಳಗಿಂದ ಯಾವುದೋ ಜಾಹೀರಾತಿನ ಸೈಟು ನಾವು ಏನೇನು ನೋಡುತ್ತೇವೆ ಅಂತ ಹಿಂಬಾಲಿಸುತ್ತದಂತೆ, ಆಂಟಿವೈರಸ್ ಕೂಗುವುದು ಅದಕ್ಕೇ. ಅಳಿಸುವ ಮೊದಲು ಆಟ ತೆರೆದು ನೋಡಿದೆ. ಆಡುವವರ ಹೆಸರು ‘ಲೋಕೇಶ್ ಮಹಾರಾಜ’ ಅಂತಿದೆ.

ಸಂಜೆ ಇದೇ ಎಚ್ಚರಿಕೆಗೆ ಶೋಭಿತಾಗೆ ನಾನು ಅಷ್ಟು ಬೈಯುವಾಗ ಮಹಾರಾಜರು ಟೀವಿ ನೋಡುತ್ತಿದ್ದರು. ‘ನಾನಲ್ಲಮ್ಮ’ ಅಂತ ಒಂದೇ ಸಲ ಅಂದಳು, ನಿಮ್ಮ ಮುಖ ನೋಡಿದಳು, ಎದ್ದು ಕೋಣೆಗೆ ಹೋದಳು. ಊಟ ಮಾಡದೆ ಮಲಗಿದ್ದಾಳೆ.

ಕಿರಿಕಿರಿ ಅಂತ ಆಡುವಷ್ಟು ಹೊತ್ತು ಆಂಟಿವೈರಸ್ಸನ್ನೇ ಆಫ್ ಮಾಡಿದ್ದೀರಿ, ದೀಪಕ್ ಹೇಳಿದ ಕಡೆ ನೋಡಿದಾಗ ಗೊತ್ತಾಯಿತು. ಆನೆ ಇಳಿದಿದೆ ಅಂತ ಅರಣ್ಯ ಇಲಾಖೆಯ ಮೆಸೇಜ್ ಬಂದರೆ ಫೋನ್ ಆಫ್ ಮಾಡಿ ತೋಟಕ್ಕೆ ಹೋಗುತ್ತೀರಾ? ಲೈನ್ ಮನೆಗಳ ಕೆಲಸಗಾರರೆಲ್ಲರ ಆಧಾರ್, ಬ್ಯಾಂಕ್ ನಂಬರ್ ಲ್ಯಾಪ್‌ಟಾಪ್‌ನೊಳಗಿದೆ. ಅದು ನನ್ನ ಜೊತೆ ಬರುತ್ತದೆ, ಹುಡುಕಬೇಡಿ.

ಅಕ್ಕಿ ಹಿಟ್ಟು ಕಲಸಿಟ್ಟಿದ್ದೇನೆ, ರೊಟ್ಟಿ ನೀವೇ ತಟ್ಟಿ. ಸೀದು ಹೋದದ್ದು ನಿಮಗೆ, ಚೆನ್ನಾಗಿರುವುದು ಅವಳಿಗೆ.

ನಾಳೆ ಸಂಜೆ ಬಂದು ನಾನು ಅವಳಿಗೆ ತಪ್ಪಾಯಿತು ಅನ್ನುತ್ತೇನೆ. ಆಡಿದ್ದು ಯಾರು ಅಂತ ಮಾತ್ರ ಹೇಳುವುದಿಲ್ಲ. ಗೊತ್ತಿದ್ದೂ, ಅಷ್ಟು ಬೈಸಿಕೊಂಡರೂ ಅವಳು ನಿಮ್ಮ ಹೆಸರು ಎತ್ತಲಿಲ್ಲ. ಬೆಳಿಗ್ಗೆ ಅವಳು ಕಾಲೇಜ್ ಬಸ್ ಹತ್ತುವ ಮೊದಲು ಅದನ್ನು ನೀವೇ ಹೇಳಬೇಕು.