ಔಷಧಿ ಹಾಕಿದ ಟ್ಯೂಬಿನಲ್ಲಿ ಬೆಳೆದದ್ದು

ಮಾರ್ಚ್ 3

ಲ್ಯಾಬಿನಲ್ಲಿ ಬೆಳಗ್ಗೆ ಕಫದ ಡಬ್ಬಿಗಳು, ಮಧ್ಯಾಹ್ನ ಟ್ಯೂಬುಗಳು. ಮಾಸ್ಕಿನ ದಾರ ಕಿವಿಯ ಹಿಂದೆ ಮತ್ತೆ ಗಾಯ ಮಾಡಿದೆ. ನಮ್ಮ ಯಜಮಾನರ ಟ್ಯೂಬುಗಳ ಕಡೆ ನೋಡಬಾರದೆಂದುಕೊಂಡೇ ನೋಡಿದೆ. ಇನ್ನೂ ಬರೀ ಕ್ರಿಮಿಗಿಟ್ಟ ಆಹಾರದ ಹಸಿರು. ಏನೂ ಬೆಳೆದಿಲ್ಲ.

ಇವರ ಕ್ಷಯಕ್ಕೆ ಮಾತ್ರೆ ಶುರುವಾಗಿ ಎರಡು ತಿಂಗಳಾಯಿತು. ಕಫದಲ್ಲಿ ಕ್ರಿಮಿ ಕಾಣುತ್ತಲೇ ಇದೆ. ಅದಕ್ಕೇ ಕಲ್ಚರ್ ಇಟ್ಟದ್ದು, ಅಂದರೆ ಕ್ರಿಮಿಯನ್ನು ಬೆಳೆಸಿ ನೋಡುವುದು. ಒಂದು ಟ್ಯೂಬಿನಲ್ಲಿ ಕ್ರಿಮಿಗೆ ಬರೀ ಆಹಾರ. ಉಳಿದವುಗಳಲ್ಲಿ ಆಹಾರದ ಜೊತೆ ಒಂದೊಂದು ಔಷಧಿ. ಅವು ಬರಡಾಗಿದ್ದರೆ ಸಾಕು, ಔಷಧಿ ಕೆಲಸ ಮಾಡುತ್ತಿದೆ ಎಂದು ಅರ್ಥ. ಬೇಗ ಉತ್ತರ ಕೊಡುವ ಯಂತ್ರ ಕೆಟ್ಟು ಕೂತಿದೆ. ಕ್ಷಯದ ಕ್ರಿಮಿಯೋ, ಮಹಾ ಸೋಮಾರಿ. ವಾರಗಟ್ಟಲೆ ಕಾಯಿಸುತ್ತದೆ.

ಮನೆಗೆ ಬಂದರೆ ಇವರು ಕಿಟಕಿಯ ಪಕ್ಕ. ಲಿಫ್ಟ್ ಮೆಕ್ಯಾನಿಕ್ ಅಲ್ಲವೇ, ತಮಾಷೆಯೂ ಅದರದ್ದೇ. "ಬಾಗಿಲು ತೆಗೆದು ನಿಂತಿದ್ದೀನಿ ಕಣೇ, ಒಳಗಿರೋರು ಇಳೀತಾನೇ ಇಲ್ಲ." ನಕ್ಕರು. ನಗು ಕೆಮ್ಮಾಯಿತು. ಆಮೇಲೆ ನಾನು ನಗಲಿಲ್ಲ.

ಮಾರ್ಚ್ 14, ಮಧ್ಯಾಹ್ನ

ಬೆಳೆದಿದೆ.

ಕೆಂಪು ಕ್ಯಾಪ್ಸೂಲಿನ ಔಷಧಿ ಹಾಕಿದ ಟ್ಯೂಬಿನಲ್ಲೇ. ಒಣ ಬ್ರೆಡ್ಡಿನ ಪುಡಿ ಉದುರಿಸಿದ ಹಾಗೆ. ಬೂಸ್ಟಿರಬಹುದು... ಬೂಸ್ಟೇ ಆಗಿರಲಿ. ಗಾಳಿಯಿಂದ ಬೂಸ್ಟು ಬಿದ್ದು ಟ್ಯೂಬು ಕೆಡುವುದುಂಟು. ಹಾಗಾಗಿದ್ದರೆ ಎಸೆದು ಹೊಸದು ಇಡಬಹುದು. ಬಣ್ಣ ಹಾಕಿ ಮೈಕ್ರೋಸ್ಕೋಪಿನ ಕೆಳಗಿಟ್ಟೆ. ಎರಡು ಸಲ ಫೋಕಸ್ ಸಿಗಲಿಲ್ಲ. ಸಿಕ್ಕಿತು. ಬೂಸ್ಟಿನ ಎಳೆಯಲ್ಲ. ಕ್ಷಯದ ಕೆಂಪು ಕಡ್ಡಿಗಳು — ಹಗ್ಗ ಹೊಸೆದಂತೆ ಒಂದಕ್ಕೊಂದು ಹೆಣೆದುಕೊಂಡು.

ಕ್ರಿಮಿ ತನಗೆ ಬೇಕಾದ್ದನ್ನೆಲ್ಲ ತಾನೇ ತಯಾರಿಸಿಕೊಳ್ಳಬೇಕು. ಅದಕ್ಕೆ ಮೊದಲು ಒಳಗಿನ ಮೂಲಪಾಠದ ನಕಲು ತೆಗೆಯಬೇಕು. ಕೆಂಪು ಔಷಧಿ ಆ ನಕಲು ತೆಗೆಯುವ ಕೈಯನ್ನೇ ಹಿಡಿದುಬಿಡುತ್ತದೆ. ಇವರೊಳಗಿರುವ ಕ್ರಿಮಿಯ ಕೈ ಸ್ವಲ್ಪ ಬೇರೆ ಆಕಾರದ್ದು. ಹಿಡಿತಕ್ಕೆ ಸಿಗುತ್ತಿಲ್ಲ. ಪಕ್ಕದ ಟ್ಯೂಬಿನದು ಕ್ರಿಮಿಗೆ ಮೇಣದ ಗೋಡೆ ಕಟ್ಟಿಕೊಳ್ಳಲು ಬಿಡದ ಔಷಧಿ. ಅದರಲ್ಲಿ ಏನೂ ಬೆಳೆದಿಲ್ಲ. ಸದ್ಯ ಅಷ್ಟೇ ಸಮಾಧಾನ.

ಡಾಕ್ಟರಿಗೆ ತೋರಿಸಿದೆ.

"ಮಾತ್ರೆ ತಪ್ಪಿಸಿದ್ರಾ?"

"ಇಲ್ಲ ಸರ್. ದಿನಾ ನನ್ನ ಕಣ್ಣೆದುರಿಗೇ ನುಂಗಿದ್ದಾರೆ."

"ಹಾಗಾದ್ರೆ ಇವರಲ್ಲಿ ಹುಟ್ಟಿದ್ದಲ್ಲ. ಔಷಧಿಗೆ ಬಗ್ಗದ ಕ್ರಿಮಿಯೇ ಯಾರಿಂದಲೋ ಬಂದಿದೆ." ಚೀಟಿ ಬರೆಯುತ್ತಾ, "ಮನೆಯವರೆಲ್ಲರ ಎಕ್ಸ್‌ರೇ ಆಗ್ಬೇಕು. ಮೊದಲು ನಿಮ್ಮದು."

ದಿನಾ ಈ ಕ್ರಿಮಿಗಳ ನಡುವೆ ಕೂರುವವಳು ನಾನು. ನನ್ನಿಂದಲೇ ಬಂದಿದ್ದರೆ?

ಮಾರ್ಚ್ 15

ನನ್ನ ಎಕ್ಸ್‌ರೇ ಸ್ವಚ್ಛ. ಎದೆಯಿಂದ ಬಂಡೆ ಇಳಿದಂತಾಯಿತು. ಬಸ್ಸಿಳಿದು ಮನೆ ಮುಟ್ಟುವಷ್ಟರಲ್ಲಿ ಮತ್ತೆ ಏರಿ ಕೂತಿತು. ನಾನಲ್ಲ ಅಂದರೆ ಯಾರು?

ಅತ್ತೆ ಬಚ್ಚಲಲ್ಲಿದ್ದರು. ನಲ್ಲಿ ಜೋರಾಗಿ ಬಿಟ್ಟುಕೊಂಡು ಕೆಮ್ಮುತ್ತಿದ್ದರು. ನೀರಿನ ಸದ್ದಿನಲ್ಲಿ ಮುಚ್ಚಿಹೋಗುವ ಕೆಮ್ಮಲ್ಲ ಅದು. ಇವರ ರೋಗ ಗೊತ್ತಾಗಿ ಮನೆಯವರನ್ನೆಲ್ಲ ಪರೀಕ್ಷೆ ಮಾಡಿದಾಗ ಅತ್ತೆ ನಾದಿನಿಯ ಮನೆಯಲ್ಲಿದ್ದರು. ಆಮೇಲೆ ಇವತ್ತು, ನಾಳೆ... ಈಗಲೂ ಅದೇ ಮಾತು. "ಈ ವಯಸ್ಸಲ್ಲಿ ನಂಗ್ಯಾಕೆ ಫೋಟೋ? ಯಾವ ಗಂಡು ನೋಡ್ಬೇಕು?"

ಮಗಳು ಗುಬ್ಬಿ ಅಜ್ಜಿಯ ಹಾಸಿಗೆಯಲ್ಲೇ ಮಲಗುವುದು. ಅಜ್ಜಿಯ ಸೆರಗು ಮುಷ್ಟಿಯಲ್ಲಿರದಿದ್ದರೆ ಅವಳಿಗೆ ನಿದ್ದೆ ಬಾರದು.

ಮಾರ್ಚ್ 17

ಇವರು ಮಲಗಿದ್ದರು, ಗುಬ್ಬಿ ಸ್ಕೂಲಿಗೆ. ಅತ್ತೆ ಒಣಗಿದ ಬಟ್ಟೆ ಮಡಚುತ್ತಿದ್ದರು. ಎದುರಿಗೆ ಕೂತು ಕೇಳಿಯೇಬಿಟ್ಟೆ. "ಅತ್ತೆ, ಹಿಂದೆ ಯಾವಾಗ್ಲಾದ್ರೂ ಇವರ ಥರದ್ದೇ ಮಾತ್ರೆ ತಗೊಂಡಿದ್ರಾ?"

"ಹ್ಞೂಂ. ನೀನು ಸೊಸೆಯಾಗಿ ಬರೋಕ್ಕೆ ಮುಂಚೆ. ನಾಲ್ಕು ಥರ ಕೊಟ್ಟಿದ್ರು. ಮೂರು ಹೊಟ್ಟೇಲಿ ನಿಲ್ತಾನೇ ಇರ್ಲಿಲ್ಲ, ಕರುಳೇ ಬಾಯಿಗೆ ಬರೋ ಹಾಗೆ ವಾಂತಿ. ಆ ಕೆಂಪುದೊಂದು ಮಾತ್ರ ಸುಮ್ನಿರ್ತಿತ್ತು. ಅದೊಂದನ್ನೇ ನುಂಗ್ದೆ. ಒಂದರಲ್ಲೇ ಕೆಮ್ಮು ನಿಂತೋಯ್ತು, ನೋಡು!" ಮುಖದಲ್ಲಿ ಗೆದ್ದ ಕಳೆ. "ಮೂತ್ರ ಕಿತ್ತಳೆ ಬಣ್ಣ ಬರೋದು ಅಂತ ಆಮೇಲೆ ಅದನ್ನೂ ಬಿಟ್ಟೆ."

ಒಂದರಲ್ಲೇ! ಕೋಟಿಗಟ್ಟಲೆ ಕ್ರಿಮಿಗಳಲ್ಲಿ ನಾಲ್ಕಾರು ಹುಟ್ಟುವಾಗಲೇ ಸೊಟ್ಟ. ಯಾವುದೋ ಒಂದು ಔಷಧಿಗೆ ಬಗ್ಗುವುದಿಲ್ಲ. ನಾಲ್ಕೂ ಔಷಧಿ ಒಟ್ಟಿಗೆ ಬಿದ್ದರೆ ಒಂದರಿಂದ ತಪ್ಪಿಸಿಕೊಂಡದ್ದು ಇನ್ನೊಂದರ ಕೈಗೆ ಸಿಕ್ಕಿ ಸಾಯುತ್ತದೆ. ಅತ್ತೆಯೊಳಗೆ ಕೆಂಪುದೊಂದೇ. ಸಾಧು ಕ್ರಿಮಿಗಳನ್ನೆಲ್ಲ ಕೊಂದು, ಆ ಸೊಟ್ಟ ನಾಲ್ಕಾರಕ್ಕೆ ಇಡೀ ಮನೆ ಖಾಲಿ ಮಾಡಿಕೊಟ್ಟಿತು. ಅವು ಇಷ್ಟು ವರ್ಷ ತೆಪ್ಪಗಿದ್ದು, ಈಗ ಎದ್ದು...

"ಈಗ ಬರ್ತಿರೋ ಕೆಮ್ಮು?" ಎಂದೆ.

ಮಡಚುತ್ತಿದ್ದ ಕೈ ನಿಂತಿತು. ಇವರ ಅಂಗಿ ಅದು.

"ಅವನಿಗೆ ನನ್ನಿಂದ ಬಂತೇನೇ?"

ಆ ಅಂಗಿಯನ್ನು ಅವರ ಕೈಯಿಂದ ತೆಗೆದುಕೊಂಡು ನಾನೇ ಮಡಚಿದೆ.

"ಅವನಿಗೆ ಹೇಳ್ಬೇಡ. ನಿಂಗೆ ಕೈ ಮುಗೀತೀನಿ." ನಿಜವಾಗಿಯೂ ಮುಗಿದರು. ಎಂಥ ಹೆಂಗಸು! ಒಂದು ದಿನವೂ ನನ್ನೆದುರು ದನಿ ತಗ್ಗಿಸದವರು.

ಸಂಜೆ ಗುಬ್ಬಿಯ ದಿಂಬು, ಹೊದಿಕೆಯನ್ನು ನಾನೊಬ್ಬಳೇ ಮಲಗುವ ಕೋಣೆಗೆ ತಂದೆ. ಅತ್ತು ರಂಪ ಮಾಡಿದಳು. "ಅಜ್ಜಿ ಏನ್ ತಪ್ಪು ಮಾಡಿದ್ಳು?" ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದರು.

ಏಪ್ರಿಲ್ 20

ಬರೆಯಲು ಆಗಿರಲಿಲ್ಲ. ಅತ್ತೆಯ ಟ್ಯೂಬಿನಲ್ಲೂ ಅದೇ ಬೆಳೆ. ಗುಬ್ಬಿಯ ಎಕ್ಸ್‌ರೇ ಸದ್ಯಕ್ಕೆ ಸ್ವಚ್ಛ. ಸದ್ಯಕ್ಕೆ — ಡಾಕ್ಟರ್ ಬಳಸಿದ ಪದ. ಕ್ರಿಮಿ ಒಳಗೆ ಹೋಗಿ ಮಲಗಿದ್ದರೆ ಯಾವಾಗ ಏಳುತ್ತದೋ ಹೇಳಲಾಗದಂತೆ. ಎರಡು ವರ್ಷ ಕಣ್ಣಿಟ್ಟಿರಬೇಕು.

ತಾಯಿ ಮಗ ಇಬ್ಬರಿಗೂ ಹೊಸ ಮಾತ್ರೆಗಳು, ಒಂದೇ ಆಸ್ಪತ್ರೆ. ಇವರಿಗೆ ಪಾದ ಉರಿ, ಅತ್ತೆಗೆ ವಾಂತಿ. ಗಂಡಸರ ವಾರ್ಡಿನಿಂದ ಹೊರಡುವಾಗ ಇವರು ಕೈ ಹಿಡಿದು ನಿಲ್ಲಿಸಿದರು.

"ಅಮ್ಮನಿಂದಲೇ ಬಂದದ್ದು ಅಂತ ಗೊತ್ತು."

"ಯಾರು ಹೇಳಿದ್ರು?"

"ಯಾರು ಹೇಳ್ಬೇಕು? ಚಿಕ್ಕೋನಿದ್ದಾಗ ಅವಳು ಮಾತ್ರೆ ಚೆಲ್ಲೋದನ್ನ ನೋಡಿದ್ದೀನಿ. ಏನು ಮಾತ್ರೆ ಅಂತ ಆಗ ಯಾರಿಗೆ ಗೊತ್ತು? ನೀನೊಂದು ಕೆಲ್ಸ ಮಾಡು. ನನ್ನಿಂದ ಅವಳಿಗೆ ಬಂತು ಅಂತ ಹೇಳು. ಬೈಕೊಂಡಾದ್ರೂ ಬದುಕ್ತಾಳೆ. ಇಲ್ಲಾಂದ್ರೆ ಕೊರಗೇ ಸಾಯಿಸುತ್ತೆ."

ಹೆಂಗಸರ ವಾರ್ಡಿಗೆ ಹೋಗಿ ಹಾಗೇ ಹೇಳಿದೆ. ಅತ್ತೆ ನನ್ನನ್ನೇ ನೋಡಿದರು.

"ಹಾಗಂತ ಅವನು ಹೇಳಿಕೊಟ್ನಾ?"

ಸುಳ್ಳು ಹೇಳಿ ದಕ್ಕಿಸಿಕೊಳ್ಳಲು ನನಗೆ ಬರುವುದಿಲ್ಲ. ತಲೆ ತಗ್ಗಿಸಿದೆ.

"ಪೆದ್ದ. ಹುಟ್ಟಾ ಪೆದ್ದ." ನರ್ಸ್ ಕೊಟ್ಟ ಮಾತ್ರೆಗಳನ್ನು ಒಂದೊಂದಾಗಿ ನುಂಗಿದರು. ವಾಂತಿ ಉಕ್ಕಿ ಬಂದಾಗ ಎರಡೂ ಕೈಯಲ್ಲಿ ಬಾಯಿ ಒತ್ತಿ ಹಿಡಿದರು, ಕಣ್ಣಲ್ಲಿ ನೀರು. ಒಂದನ್ನೂ ಉಗುಳಲಿಲ್ಲ.

ಜೂನ್ 11, ಬೆಳಗ್ಗೆ 7

ಇವರ ಕಫ ಕೊನೆಗೂ ಸ್ವಚ್ಛವಾಗಿದೆ. ಅತ್ತೆಯದರಲ್ಲೂ ಕ್ರಿಮಿ ಕಡಿಮೆ. ನಿನ್ನೆ ತಿಂಗಳುಗಳ ನಂತರ ಕನಸಿಲ್ಲದ ನಿದ್ದೆ.

ಈಗಷ್ಟೇ ಗುಬ್ಬಿ ಎದ್ದು ಬಂದಳು. "ಅಮ್ಮಾ, ಮೈ ಬಿಸಿಯಾಗಿದೆ ನೋಡು." ಹಣೆಯ ಮೇಲೆ ಅಂಗೈ ಇಟ್ಟೆ. ಗೊತ್ತಾಗಲಿಲ್ಲ. ಅವಳ ಹಣೆ ಬಿಸಿಯೋ, ನನ್ನ ಕೈ ತಣ್ಣಗೋ... ಬರೀ ನೆಗಡಿಯಿರಬಹುದು. ಸ್ಕೂಲಿನಲ್ಲಿ ಎಲ್ಲ ಮಕ್ಕಳಿಗೂ ನೆಗಡಿಯಂತೆ. ಥರ್ಮಾಮೀಟರ್ ಇಟ್ಟಿದ್ದೇನೆ. ಬಾಯಿ ಮುಚ್ಚಿಕೊಂಡು ನನ್ನನ್ನೇ ನೋಡುತ್ತಿದ್ದಾಳೆ. ಸುಮ್ಮನೆ ಕೂರಲಾಗದೆ ಇದನ್ನು ಬರೆಯುತ್ತಿದ್ದೇನೆ. ಬೀಪ್ ಬಂತು. ಓದಿ ಆಮೇಲೆ ಬರೆಯುತ್ತೇನೆ.