ದಿನ ಹೇಳದ ಒಂದು ಮನೆ

ಬಂಗಾರಪೇಟೆ
೧೨ ಫೆಬ್ರವರಿ ೨೦೨೫, ಬುಧವಾರ

ಪ್ರೀತಿಯ ಅಂಬಿಕ,

ಹೇಗಿದ್ದೀಯೆ? ಮಂಡಿನೋವು ಕಡಿಮೆ ಆಯಿತಾ? ಹೊಲಿಗೆ ಮೆಷಿನ್ ತುಳಿಯೋದು ಸ್ವಲ್ಪ ಬಿಡು ಅಂದರೆ ನೀನು ಕೇಳೋಳಲ್ಲ. ಕಾಗದ ನೋಡಿದ ಕೂಡಲೇ ‘ಎನ್ನಾಡಿ ಸರಸು, ಫೋನ್ ಸತ್ತೋಯ್ತಾ’ ಅಂತ ಬೈದಿರುತ್ತೀಯ. ಫೋನ್ ಬದುಕಿದೆ. ಆದರೆ ನಮ್ಮ ಯಜಮಾನರು ಯಾರ ಫೋನ್ ಬಂದರೂ ಸ್ಪೀಕರ್ ಹಾಕಿಸಿ ಪಕ್ಕದಲ್ಲೇ ಕೂರುತ್ತಾರೆ. ಅದಕ್ಕೇ ಪೆನ್ನು ಹಿಡಿದೆ. ಬರೆದು ಯಾವ ಕಾಲವಾಯಿತೋ, ಅಕ್ಷರ ಕೋಳಿ ಕೆದರಿದ ಹಾಗಿದೆ, ಸುಧಾರಿಸಿಕೊ.

ನಮ್ಮ ಭಾನುಪ್ರಿಯಳಿಗೆ ಗಂಡು ಗೊತ್ತಾಗಿರೋದು ಯಾರ ಬಾಯಿಂದಲಾದರೂ ನಿನ್ನ ಕಿವಿಗೆ ಬಿದ್ದಿರುತ್ತೆ. ಊರಿಗೆಲ್ಲ ಹೇಳಿದಳು, ನಂದಿದುರ್ಗ ಗಣಿಯ ಕೂಲಿ ಲೈನಿನಲ್ಲಿ ಒಂದೇ ತಟ್ಟೆಯಲ್ಲಿ ತಿಂದು ಬೆಳೆದ ನನಗೆ ಹೇಳಲಿಲ್ಲ ಅಂತ ನೀನು ಮುನಿಸಿಕೊಂಡಿದ್ದರೆ ನ್ಯಾಯವೇ. ತಡ ಮಾಡಿದ್ದಕ್ಕೆ ತಪ್ಪಾಯಿತು. ಪೂರ್ತಿ ಓದು, ಆಮೇಲೆ ಎಷ್ಟು ಬೇಕಾದರೂ ಬೈಯಿ.

ನಮ್ಮ ಯಜಮಾನರ ಮನೆತನದಲ್ಲಿ ಲಗ್ನಪತ್ರಿಕೆ ಅಚ್ಚಾಗೋದಕ್ಕೆ ತಿಂಗಳುಗಟ್ಟಲೆ ಮೊದಲೇ ‘ದಿನ ಹೇಳೋದು’ ಅಂತ ಒಂದು ಪದ್ಧತಿ. ಹೆಣ್ಣಿನ ತಾಯಿ ಮನೆಮನೆಗೆ ಹೋಗಿ, ಆ ಮನೆ ಹೆಂಗಸಿನ ಹಣೆಗೆ ಕುಂಕುಮ ಇಟ್ಟು, ಎಲೆ ಅಡಿಕೆ ಕೊಟ್ಟು, ಇಂಥ ದಿನ ಮದುವೆ ಅಂತ ಬಾಯಿಬಿಟ್ಟು ಹೇಳಬೇಕು. ಕುಂಕುಮ ಇಟ್ಟುಕೊಂಡವರು ಆ ದಿನ ಬೇರೆ ಯಾವ ಕೆಲಸವನ್ನೂ ಇಟ್ಟುಕೊಳ್ಳಲ್ಲ. ಹೇಳಿದವರೂ ಹಿಂದೆ ಸರಿಯೋ ಹಾಗಿಲ್ಲ. ಸಾವಾದರೂ ನಮ್ಮ ಮನೆಯಲ್ಲಿ ದಿನ ತಪ್ಪಿಲ್ಲ ಅಂತ ನಮ್ಮತ್ತೆ ಜಂಭ ಕೊಚ್ಚಿಕೊಳ್ಳೋರು. ನಾನು ಖುಷಿಯಿಂದಲೇ ಹೊರಟೆ, ಸುಳ್ಳು ಹೇಳಲ್ಲ. ಬಿಸಿಲಲ್ಲಿ ಊರೂರು ತಿರುಗಿ ಹೇಳಿದೆ. ಹುಡುಗ ಗೋಪಿನಾಥ್, ಮುಳಬಾಗಿಲ ಕಡೆಯವನು, ನೋಡೋಕೆ ಲಕ್ಷಣ, ಮಾತು ಬೆಣ್ಣೆ. ಇನ್ನೇನು ಬೇಕು ಅಂದುಕೊಂಡೆ.

ಆ ಮಹಾರಾಯನಿಗೆ ನಮ್ಮ ಕುಂಕುಮ ಸಾಲಲಿಲ್ಲ. ಫೋನಿನಲ್ಲಿ ಎಲ್ಲರಿಗೂ ಕಳಿಸೋಕೆ ‘ಸೇವ್ ದ ಡೇಟ್’ ವಿಡಿಯೊ ಬೇಕು ಅಂದ. ನಮ್ಮ ಸೈನೈಡ್ ದಿಬ್ಬ ಇದೆಯಲ್ಲ, ಗಣಿಯವರು ಚಿನ್ನ ತೆಗೆದು ಸುರಿದ ಮಣ್ಣಿನ ಗುಡ್ಡ, ಅದರ ಮೇಲೆ ಭಾನೂನ ಹತ್ತಿಸಿ, ನೆಲ ಗುಡಿಸೋ ಅಂಥ ಕೆಂಪು ಗೌನು ತೊಡಿಸಿ, ಓಡು ಅಂದರಂತೆ, ನಗು ಅಂದರಂತೆ. ನಾವು ಸಣ್ಣವರಿದ್ದಾಗ ಅಲ್ಲಿಂದ ಹಾರಿ ಬರೋ ಧೂಳಿಗೆ ಅನ್ನದ ತಟ್ಟೆ ಮುಚ್ಚಿಕೊಂಡು ಉಣ್ಣುತ್ತಿದ್ದೆವು. ಈಗ ಅದು ಮದುವೆಗೆ ಕರೆಯೋ ಜಾಗ ನೋಡು!

ಭಾನು ನಮ್ಮೂರ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡೋ ಕೆಲಸದಲ್ಲಿದ್ದಾಳೆ. ಮಾರನೆ ಬೆಳಿಗ್ಗೆ ಕ್ಯಾನು ತೊಳೆಯೋಕೆ ತೋಳು ಮೇಲೆ ಮಾಡಿದಾಗ ಕಣ್ಣಿಗೆ ಬಿತ್ತು. ರಟ್ಟೆಯ ಮೇಲೆ ಬೆರಳಿನ ಗುರುತುಗಳು ನೀಲಿಗಟ್ಟಿದ್ದವು. ಏನೇ ಇದು ಅಂದೆ.

‘ನಗ್ಲಿಲ್ಲ ಅಂತ, ಕ್ಯಾಮ್ರಾದೋರು ಆ ಕಡೆ ತಿರುಗ್ದಾಗ ಅವ್ನು ರಟ್ಟೆ ಇಡ್ದು ತಿರುವ್ದ ಕಣಮ್ಮ. ಆಮೇಲೆ ನಕ್ಕೆ. ವಿಡಿಯೊದಾಗೆ ನೋಡು, ಚೆನ್ನಾಗೇ ನಕ್ಕಿವ್ನಿ’ ಅಂದಳು. ಕ್ಯಾನು ತೊಳೆದು ಬೋರಲು ಹಾಕಿ, ‘ನಂಗೆ ಇವ್ನು ಬ್ಯಾಡಮ್ಮ’ ಅಂದಳು.

ಯಜಮಾನರಿಗೆ ಹೇಳಿದೆ. ಅವರು ಕೆಟ್ಟವರಲ್ಲ ಅಂಬಿಕ. ಮಗಳ ತೋಳು ನೋಡಿ ಅವರ ಮುಖ ಸಣ್ಣಗಾಯಿತು. ಸ್ವಲ್ಪ ಹೊತ್ತು ಹಸುವಿನ ಮೈ ತಿಕ್ಕುತ್ತಾ ನಿಂತರು. ಆಮೇಲೆ, ‘ದಿನ ಏಳ್ಬುಟ್ಟಿದೀವಲ್ಲೇ. ಯಾವ ಮಕ ಇಟ್ಕಂಡು ಓಗಿ ಇಲ್ಲ ಅನ್ನಾನ? ಏಳಿದ್ದು ನೀನೇ ತಾನೆ’ ಅಂದರು. ನನಗೆ ಮೈಯೆಲ್ಲ ಉರಿದು ಹೋಯಿತು.

ಸರಿ, ಹೇಳಿದವಳು ನಾನೇ ಆದರೆ ಇಲ್ಲ ಅನ್ನೋಳೂ ನಾನೇ ಆಗಲಿ ಅಂತ ಅವರು ಪೇಟೆಗೆ ಹೋದ ದಿನ ಹೊರಟೆ. ಮೊದಲು ಯಜಮಾನರ ಅಕ್ಕ ಅಶ್ವತ್ಥಮ್ಮನ ಮನೆಗೆ. ಅವರಿಗೆ ಕಣ್ಣಿಗೆ ಪೊರೆ ಬಂದಿದೆ. ಗೋಡೆ ತಡವಿಕೊಂಡು ಬಂದು ನನ್ನ ಕೈ ಹಿಡಿದುಕೊಂಡರು. ‘ಆಪ್ರೇಸನ್ ಮುಂದಕ್ಕಾಕ್ಸಿವ್ನಿ ಕಣಮ್ಮಿ. ಕಣ್ಗೆ ಕಟ್ಟು ಕಟ್ಕಂಡು ಮದ್ವೇಲಿ ಎಂಗೆ ಕೂತ್ಕಳ್ಲಿ? ಮಗೀನ ಧಾರೆ ಮಬ್ಬಾಗಾದ್ರೂ ಕಾಣ್ತದೆ’ ಅಂದರು. ನಾನು ಬಾಯಿ ತೆರೆಯೋದರೊಳಗೆ ಕುಂಕುಮದ ಬಟ್ಟಲು ತಂದಿಟ್ಟರು. ಜ್ಞಾಪಿಸೋಕೆ ಎರಡನೆ ಸಲ ಬಂದಳು ಅಂತ ಅವರಿಗೆ ಹಿಗ್ಗು. ಇಟ್ಟೆ ಅಂಬಿಕ. ಇನ್ನೊಂದು ಸಲ ಕುಂಕುಮ ಇಟ್ಟು, ಇನ್ನೊಂದು ಸಲ ಅದೇ ದಿನ ಹೇಳಿ ಬಂದೆ.

ಅಲ್ಲಿಂದ ನನ್ನ ತಮ್ಮ ಮುನಿರಾಜು ಮನೆಗೆ. ಅವನಾದರೂ ನನ್ನ ರಕ್ತ, ಅರ್ಥ ಮಾಡಿಕೊಳ್ಳುತ್ತಾನೆ ಅಂದುಕೊಂಡೆ. ಅವನ ಹೊಸ ಮನೆ ಗೃಹಪ್ರವೇಶವೂ ಅದೇ ವಾರಕ್ಕಿತ್ತಂತೆ. ನಮ್ಮ ದಿನ ಕೇಳಿ ಮುಂದಕ್ಕೆ ಹಾಕಿ, ಶೀಟಿನ ಮನೆಯಲ್ಲೇ ಸೆಖೆಯಲ್ಲಿ ಕೂತಿದ್ದಾರೆ. ‘ಸೋದರಮಾವ ನಾನು, ಮಂಟಪಕ್ಕೆ ಎತ್ಕಂಡು ಬರೋನು ನಾನೇ ಅಲ್ವಾಕ್ಕ’ ಅಂತ ತೋಳು ತಟ್ಟಿಕೊಂಡ. ಭಾನುಗೆ ಹುಡುಗ ಒಪ್ಪಿಗೆಯಿಲ್ಲ ಕಣೋ ಅಂದೆ. ಅವನು ಜೋರಾಗಿ ನಕ್ಕ. ‘ಯಾವ ಎಣ್ಣು ಒಪ್ಕಂಡಿವ್ನಿ ಅಂತ ಕುಣೀತದೆ? ನಿನ್ ಮದ್ವೇಲಿ ನೀನೂ ಅತ್ತಿದ್ದೆ’ ಅಂದ. ಅವನ ಹೆಂಡತಿ ಕಾಫಿ ಕೊಟ್ಟಳು. ಕುಡಿದು ಎದ್ದು ಬಂದೆ.

ಇನ್ನೂ ಹೋಗಬೇಕಾದ ಮನೆಗಳಿದ್ದವು. ಬಸ್ ಸ್ಟ್ಯಾಂಡಿನಲ್ಲಿ ಕೂತು ಬಂದ ಬಸ್ಸುಗಳನ್ನೆಲ್ಲ ಬಿಟ್ಟೆ. ಎಲ್ಲಿ ಹೋದರೂ ಆ ದಿನ ನನಗಿಂತ ಮುಂಚೆ ಅಲ್ಲಿ ಕೂತಿರುತ್ತೆ. ನಾನೇ ಮನೆಮನೆಗೂ ಹೋಗಿ ಗೂಟ ನೆಟ್ಟು ಬಂದಿದ್ದೀನಿ, ಹಗ್ಗ ನನ್ನ ಮಗಳ ಕೊರಳಲ್ಲಿದೆ. ಈಗ ದಾರಿಯಲ್ಲಿ ಯಾರು ಸಿಕ್ಕರೂ ‘ಇನ್ನೇನು ಬಂದೇಬಿಡ್ತು’ ಅಂತಾರೆ. ನಗ್ತೀನಿ. ಉಸಿರು ಕಟ್ಟುತ್ತೆ ಕಣೆ. ಒಲೆ ಮುಂದೆ ನಿಂತರೂ ಕಟ್ಟುತ್ತೆ, ಬಯಲಲ್ಲಿ ನಿಂತರೂ ಕಟ್ಟುತ್ತೆ.

ನಿನಗೆ ಯಾಕೆ ಹೇಳಲಿಲ್ಲ ಅಂತ ಈಗ ಗೊತ್ತಾಗಿರಬೇಕು. ಮೊದಲು ಅದು ಬರೀ ಸೋಮಾರಿತನ. ನಿಮ್ಮ ಉರಿಗಾಂ ದೂರವೇನಲ್ಲ, ಕೊನೆಗೆ ಹೋಗಿ ಎರಡು ದಿನ ನಿನ್ನ ಜೊತೆ ಇದ್ದು ಬರೋಣ ಅಂತ ಬಿಟ್ಟಿದ್ದೆ. ಆ ತೋಳು ನೋಡಿದ ಮೇಲೆ ಬೇಕೆಂದೇ ಬಿಟ್ಟೆ. ಆ ದಿನಕ್ಕೆ ಕಾಯದ ಒಂದು ಮನೆಯಾದರೂ ಇರಲಿ ಅನ್ನಿಸಿತು. ಈ ಕಾಗದದಲ್ಲೂ ದಿನ ಬರೆದಿಲ್ಲ, ಹುಡುಕಬೇಡ. ಯಾರಾದರೂ ಹೇಳೋಕೆ ಬಂದರೆ ಕಿವಿ ಮುಚ್ಚಿಕೊ.

ನಿನ್ನ ಮಗಳು ರಾಧಳಿಗೆ ನನ್ನ ಆಶೀರ್ವಾದ ಹೇಳು. ನೂರು ಕಾಲ ಚೆನ್ನಾಗಿರಲಿ, ಅವಳಿಗೆ ಇಷ್ಟವಾದ ಕಡೆ ಇರಲಿ. ನೀನು ಹೊತ್ತಿಗೆ ಸರಿಯಾಗಿ ಮಾತ್ರೆ ತಗೊ.

ನಿನ್ನ
ಸರಸು

ಮರೆತ ಮಾತು: ಮರೆತಿರಲಿಲ್ಲ, ಬರೆಯೋಕೆ ಧೈರ್ಯ ಬಂದಿರಲಿಲ್ಲ. ನಿನ್ನೆ ಭಾನು ‘ಇನ್ಯಾರ್ಗಮ್ಮ ದಿನ ಏಳೋದು ಬಾಕಿ?’ ಅಂದಳು. ಅಂಬಿಕ ಆಂಟಿ ಒಬ್ಬರಿಗೆ ಅಂದೆ. ‘ನಂಗೂ ನೀನು ಏಳ್ಲಿಲ್ಲ ಕಣಮ್ಮ’ ಅಂದಳು.

ನಿಜ. ದಿನ ಗೊತ್ತು ಮಾಡಿಕೊಂಡು ಬಂದ ಸಂಜೆ, ನಮ್ಮ ಮನೆ ಸೇರೋದಕ್ಕೆ ಮುಂಚೆ ಪಕ್ಕದ ಮನೆ ಶಶಿರೇಖಳಿಗೆ ಹೇಳಿದ್ದೆ. ಅವಳು ಡೈರಿಗೆ ಹಾಲು ಹಾಕೋಕೆ ಹೋದವಳು ‘ನಿನ್ ಮದ್ವೆ ದಿನ ಬಿತ್ತಂತಲ್ಲಮ್ಮಿ’ ಅಂದಳಂತೆ. ನನ್ನ ಮಗಳು ಮೊದಲೇ ಗೊತ್ತಿದ್ದವಳ ಹಾಗೆ ನಕ್ಕು ಹಾಲು ಅಳೆದಳಂತೆ. ಅಷ್ಟೊಂದು ಹಣೆಗೆ ಕುಂಕುಮ ಇಟ್ಟೆ ಅಂಬಿಕ. ಅವಳನ್ನು ಎದುರಿಗೆ ಕೂರಿಸಿಕೊಂಡು, ಈ ದಿನ ನಿನ್ನ ಮದುವೆ ಕಣೇ, ಬರ್ತೀಯಾ ಅಂತ ಕೇಳಲಿಲ್ಲ.

ಮುಂದಿನ ವಾರ ಭಾನುವಾರ ಉರಿಗಾಂ ಮೇಲೆ ಹೋಗೋ ಬೆಳಗಿನ ಮಾರಿಕುಪ್ಪಂ ಗಾಡಿಗೆ ಅವಳೊಬ್ಬಳನ್ನೇ ಹತ್ತಿಸ್ತೀನಿ. ನಿನಗೆ ದಿನ ಹೇಳಿ ಬರೋಕೆ ಅಂತ ಯಜಮಾನರಿಗೆ ಹೇಳಿದ್ದೀನಿ, ಅದಕ್ಕೆ ಅವರು ಬೇಡ ಅನ್ನೋ ಹಾಗಿಲ್ಲ. ಕುಂಕುಮದ ಭರಣಿ ಅವಳ ಕೈಯಲ್ಲೇ ಇರುತ್ತೆ. ಅವಳಾಗಿ ಬಾಯಿಬಿಟ್ಟು ದಿನ ಹೇಳಿದರೆ ಹಣೆ ಒಡ್ಡು. ಹೇಳದಿದ್ದರೆ ನೀನೂ ಕೇಳಬೇಡ. ಊಟಕ್ಕೆ ಹಾಕು. ವಾಪಸ್ ಕಳಿಸಬೇಡ.